ಮೆಡಿಕೇರ್ ನಿಂತರೆ ಅಮ್ಮ ನರ್ಸಿಂಗ್ ಹೋಮ್ ಬಿಡಬೇಕೇ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ನಂತರ ನನ್ನ ತಾಯಿಯನ್ನು ನರ್ಸಿಂಗ್ ಹೋಮ್‌ಗೆ (ಉಳಿದುಕೊಂಡು ಆರೈಕೆ ಪಡೆಯುವ ಕೇಂದ್ರಕ್ಕೆ) ಸೇರಿಸಿದೆವು. ಮುಂದಿನ ವಾರ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಹಣ ನಿಲ್ಲುತ್ತದೆ, ಅಷ್ಟರೊಳಗೆ ಕರೆದುಕೊಂಡು ಹೋಗಿ ಎಂದು ಅಲ್ಲಿಯವರು ಬಾಯಿಮಾತಿನಲ್ಲಿ ಹೇಳಿದ್ದಾರೆ. ರಾತ್ರಿ ಬೆಲ್ ಒತ್ತಿದರೂ ಯಾರೂ ಬರುವುದಿಲ್ಲವೆಂದು ಅಮ್ಮ ಹೇಳುತ್ತಾರೆ. ದೂರು ಕೊಟ್ಟರೆ ಆ ಸಿಟ್ಟನ್ನು ಅವರ ಮೇಲೆ ತೀರಿಸಿಕೊಂಡಾರೆಂಬ ಭಯ. ಏನು ಮಾಡಲಿ?

ಉತ್ತರ: ಮೆಡಿಕೇರ್ ಹಣ ನಿಲ್ಲುವುದು ಬೇರೆ, ನಿಮ್ಮ ತಾಯಿಯವರು ಹಾಸಿಗೆ ಬಿಟ್ಟುಕೊಡಬೇಕಾಗುವುದು ಬೇರೆ. ಇವೆರಡನ್ನೂ ಒಂದೇ ಎಂಬಂತೆ ಹೇಳುವುದು ಅಲ್ಲಿ ತೀರ ಸಾಮಾನ್ಯವಾಗಿರುವುದರಿಂದ ಎಷ್ಟೋ ಕುಟುಂಬಗಳು ಮರುಮಾತಾಡದೆ ಗಂಟುಮೂಟೆ ಕಟ್ಟುತ್ತವೆ. ಹಣ ನಿಲ್ಲುವ ಕನಿಷ್ಠ ಎರಡು ದಿನ ಮೊದಲು ಲಿಖಿತ ಸೂಚನೆ ಬರಬೇಕು. ಅದರ ವಿರುದ್ಧ ತ್ವರಿತ ಮೇಲ್ಮನವಿಗೆ, ಹಣ ನಿಲ್ಲುವ ಹಿಂದಿನ ದಿನ ಮಧ್ಯಾಹ್ನ 12 ಗಂಟೆಯವರೆಗೆ ಅವಕಾಶವಿದೆ. ಮೇಲ್ಮನವಿ ಸೋತರೂ ಸ್ವಂತ ಹಣದಿಂದಲೋ, ಅರ್ಹತೆಯಿದ್ದರೆ ಮೆಡಿಕೈಡ್ (ಕಡಿಮೆ ಆದಾಯದವರಿಗೆ ಇರುವ ಸರ್ಕಾರಿ ಆರೋಗ್ಯ ಯೋಜನೆ) ನೆರವಿನಿಂದಲೋ ಅಲ್ಲೇ ಉಳಿಯುವ ದಾರಿ ಮುಚ್ಚಿಹೋಗುವುದಿಲ್ಲ.

ನಿವಾಸಿಯನ್ನು ಹೊರಗೆ ಕಳುಹಿಸಲು 1987ರ ಫೆಡರಲ್ (ಕೇಂದ್ರ ಸರ್ಕಾರದ) ಕಾಯ್ದೆ ಒಪ್ಪುವುದು ಆರು ಕಾರಣಗಳನ್ನು ಮಾತ್ರ. ಸೂಕ್ತ ಸೂಚನೆ ನೀಡಿದ ಮೇಲೂ ಹಣ ಕಟ್ಟದಿರುವುದು ಅವುಗಳಲ್ಲೊಂದು ನಿಜ. ಆದರೆ ಆಗಲೂ ಸಾಮಾನ್ಯವಾಗಿ 30 ದಿನ ಮೊದಲೇ, ಕಾರಣ, ದಿನಾಂಕ, ಕಳುಹಿಸುವ ಸ್ಥಳ ಮತ್ತು ಮೇಲ್ಮನವಿಯ ಹಕ್ಕನ್ನು ತಿಳಿಸುವ ಪತ್ರ ಕೊಡಬೇಕು. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ಆದ್ದರಿಂದ ‘ಬರೆದು ಕೊಡಿ’ ಎಂದು ಮೊದಲು ಕೇಳಿ.

ನಂತರ ದೀರ್ಘಾವಧಿ ಆರೈಕೆಯ ದೂರುಗಳನ್ನು ಆಲಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್ ಕಚೇರಿಗೆ ಫೋನ್ ಮಾಡಿ. ಸಂಖ್ಯೆಯನ್ನು ನರ್ಸಿಂಗ್ ಹೋಮ್‌ನವರೇ ಗೋಡೆಯ ಮೇಲೆ ಹಾಕಿರಬೇಕು. 1972ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ವ್ಯವಸ್ಥೆ 1978ರಿಂದ ಎಲ್ಲ ರಾಜ್ಯಗಳಿಗೂ ಕಡ್ಡಾಯವಾಗಿದ್ದು, ಇದಕ್ಕೆ ಶುಲ್ಕವಿಲ್ಲ. ಓಂಬುಡ್ಸ್‌ಮನ್ ಕೆಲಸ ಮಾಡುವುದು ನಿವಾಸಿಯ ಪರವಾಗಿ, ಅಂದರೆ ನಿಮ್ಮ ತಾಯಿಯವರ ಪರವಾಗಿಯೇ ಹೊರತು ನಿಮ್ಮ ಪರವಾಗಿ ಅಲ್ಲ. ದೂರುದಾರರ ಒಪ್ಪಿಗೆಯಿಲ್ಲದೆ ಅವರು ಯಾರೆಂಬುದನ್ನು ಸಂಸ್ಥೆಗೆ ತಿಳಿಸುವಂತಿಲ್ಲ. ದೂರು ಕೊಟ್ಟವರ ಮೇಲೆ ಹಗೆ ಸಾಧಿಸುವುದೂ ಕಾನೂನುಬಾಹಿರ. ಆದರೂ ನಿಮ್ಮ ಭಯ ನಿರಾಧಾರವೆಂದು ನಾನು ಹೇಳಲಾರೆ. ಅಮ್ಮನ ಆರೈಕೆಯಲ್ಲಿ ಯಾವ ಬದಲಾವಣೆ ಕಂಡರೂ ಅದನ್ನು ತಡಮಾಡದೆ ಅದೇ ಕಚೇರಿಗೆ ತಿಳಿಸಿ.

ತಾಯಿಯವರಿಗೆ ಕನ್ನಡ ಮಾತ್ರ ಬರುವುದಾದರೆ ದುಭಾಷಿ ಬೇಕೆಂದು ಮೊದಲೇ ಹೇಳಿ, ಓಂಬುಡ್ಸ್‌ಮನ್ ಕಚೇರಿಯವರು ಅವರೊಡನೆ ಮಾತಾಡುವ ಹೊತ್ತಿಗೆ ನೀವು ಕೋಣೆಯಿಂದ ಹೊರಗಿರುವುದು ಒಳ್ಳೆಯದು. ಮಕ್ಕಳೆದುರು ‘ಎಲ್ಲ ಚೆನ್ನಾಗಿದೆ, ನೀನು ಚಿಂತೆ ಮಾಡಬೇಡ’ ಎಂದುಬಿಡುವ ತಾಯಂದಿರೇ ಹೆಚ್ಚು. ಬೆಲ್ ಒತ್ತಿದ್ದು ಎಷ್ಟು ಗಂಟೆಗೆ, ಸಿಬ್ಬಂದಿ ಬಂದದ್ದು ಎಷ್ಟು ಗಂಟೆಗೆ ಎಂಬುದನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಿ. ‘ರಾತ್ರಿ ಯಾರೂ ಬರುವುದಿಲ್ಲ’ ಎಂಬ ದೂರಿಗಿಂತ ‘ಮಂಗಳವಾರ 2:10ಕ್ಕೆ ಒತ್ತಿದರೆ 2:55ಕ್ಕೆ ಬಂದರು’ ಎಂಬುದಕ್ಕೆ ತೂಕ ಹೆಚ್ಚು.

ಇನ್ನು, ತಾಯಿಯ ಬಿಲ್ಲಿಗೆ ನಿಮ್ಮ ಸ್ವಂತ ಹಣದಿಂದ ಜಾಮೀನು ನಿಲ್ಲಬೇಕೆಂದು ಯಾವುದಾದರೂ ಕಾಗದ ಮುಂದಿಟ್ಟರೆ ಸಹಿ ಹಾಕಬೇಡಿ. ಅಂತಹ ಷರತ್ತು ಹಾಕುವುದನ್ನೇ ಫೆಡರಲ್ ನಿಯಮ ನಿಷೇಧಿಸಿದೆ.