ರೆಫರಿಯ ಬಾಯಿ ಜಾರಿದಾಗ

ಹುಡುಗನಿಗೆ 17 ವರ್ಷ. ಸೆಕೆಂಡ್ ಪಿಯುಸಿ. ಕಾರವಾರದ ಹತ್ತಿರ ಮೀನುಗಾರರ ಕೇರಿಯೊಂದರ ಫುಟ್‌ಬಾಲ್ ತಂಡಕ್ಕೆ ಅವನೇ ಕ್ಯಾಪ್ಟನ್. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನೂ ಅವನ ತಾಯಿಯೂ ಒಪ್ಪಿದ್ದಾರೆ.

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದವರು ತಾಯಿ ಮತ್ತು ಸೋದರಮಾವ. ತಂದೆ ಬೋಟಿನ ಮೇಲೆ ಹೋಗಿದ್ದರು. ತಾಯಿ ಹೇಳಿದ್ದು ಇಷ್ಟು: "ಅಕ್ಕೋರೇ, ಆ ಮ್ಯಾಚ್ ಆದಾಗಿಂದ ಸರಿಯಾಗಿ ಊಟ ಮಾಡ್ತಿಲ್ಲ. ರಾತ್ರಿ ಎದ್ದು ಕೂತಿರ್ತಾನೆ. ಬೂಟು ಅಟ್ಟಕ್ಕೆ ಎಸೆದುಬಿಟ್ಟ." ಮಾವನಿಗೆ ಬೇಕಾಗಿದ್ದು ಬೇರೆ. ಆ ರೆಫರಿಯನ್ನು ಬಸ್‌ಸ್ಟ್ಯಾಂಡಲ್ಲಿ ಹಿಡಿದು ನಾಲ್ಕು ಬಾರಿಸುವುದು, ಇಲ್ಲವೇ ಫೋನಿನಲ್ಲಿದ್ದ ವಿಡಿಯೊವನ್ನು ಸ್ಟೇಟಸ್ಸಿಗೆ ಹಾಕಿ ಮಾನ ಹರಾಜು ಮಾಡುವುದು. ಎರಡಕ್ಕೂ ಸ್ವಲ್ಪ ತಡೆಯಿರಿ ಅಂದೆ. ಇಬ್ಬರನ್ನೂ ಹೊರಗೆ ಕೂರಿಸಿ ಹುಡುಗನ ಜೊತೆ ಮಾತಿಗೆ ಕೂತೆ.

ಮೊದಲು ಕೇಳಿದ್ದು ನಿದ್ದೆ, ಊಟ, ಮತ್ತೆ ಬದುಕೋದೇ ಬೇಡ ಅನ್ನಿಸಿದೆಯಾ ಅಂತ. ಹಾಗೇನೂ ಇಲ್ಲ ಅಂದ. ಈ ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕು, ಸುತ್ತಿ ಬಳಸಿ ಕೇಳಿದರೆ ಉಪಯೋಗವಿಲ್ಲ. ಉತ್ತರ ಬೇರೆ ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಟೆಲಿ-ಮಾನಸ್ ಸಹಾಯವಾಣಿ 14416 ಯಾವ ಹೊತ್ತಿಗೂ ಸಿಗುತ್ತದೆ, ಆ ನಂಬರನ್ನು ತಾಯಿಯ ಫೋನಿನಲ್ಲಿ ಹಾಕಿಸಿದೆ.

ಆಮೇಲೆ ಮ್ಯಾಚಿನ ವಿಷಯ. ಎರಡನೇ ಹಾಫ್‌ನಲ್ಲಿ ಇವರದ್ದು ಥ್ರೋ-ಇನ್. ಪಕ್ಕದ ಗೆರೆಯಿಂದ ಕೈಯಲ್ಲಿ ಎಸೆದ ಚೆಂಡು ಸೀದಾ ಮುಂದಿದ್ದ ಹುಡುಗನ ಕಾಲಿಗೆ ಸಿಕ್ಕಿ ಗೋಲಾಯಿತು. ರೆಫರಿ ಆಫ್‌ಸೈಡ್, ಅಂದರೆ ಎದುರಾಳಿ ರಕ್ಷಕರನ್ನು ದಾಟಿ ಗೋಲಿನ ಕಡೆ ಮುಂದೆ ನಿಂತು ಚೆಂಡು ಪಡೆದ ತಪ್ಪು, ಅಂತ ಸೀಟಿ ಊದಿದರು. ಫುಟ್‌ಬಾಲ್‌ನ 11ನೇ ನಿಯಮದ ಪ್ರಕಾರ ಥ್ರೋ-ಇನ್, ಗೋಲ್ ಕಿಕ್, ಕಾರ್ನರ್, ಈ ಮೂರರಲ್ಲಿ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಇವನು ಹೋಗಿ ಅದನ್ನೇ ಹೇಳಿದ. ಅದಕ್ಕೆ ರೆಫರಿ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, "ನೀ ಹೋಗಿ ಬಲೆ ಎಳಿ, ಮೀನು ಮಾರು. ನಂಗೆ ರೂಲ್ಸ್ ಕಲಿಸಬೇಡ" ಅಂದರು. ಜನ ನಕ್ಕರು. ಇವನ ಬಾಯಲ್ಲಿ ಕೆಟ್ಟ ಬೈಗುಳ ಬಂತು. ಕೆಂಪು ಕಾರ್ಡ್. ಹತ್ತು ಜನರಲ್ಲಿ ಆಡಿ ತಂಡ ಸೋತಿತು.

"ನನ್ನಿಂದ ಸೋತಿದ್ದು ಮೇಡಂ" ಅನ್ನುವುದನ್ನು ಅವನು ಎಷ್ಟು ಸಲ ಹೇಳಿದನೋ. ರೆಫರಿ ಆಡಿದ ಮಾತನ್ನು ಹೇಳಿದ್ದು ಮಾತ್ರ ಒಂದೇ ಸಲ, ಅದೂ ನೆಲ ನೋಡಿಕೊಂಡು.

ನನಗೆ ಕಂಡ ಗಂಟು ಇದು. ತಪ್ಪು ತೀರ್ಪು, ರೆಫರಿಯ ಅವಮಾನದ ಮಾತು, ತನ್ನ ಬೈಗುಳ, ಸೋಲು, ಎಲ್ಲವನ್ನೂ ಅವನು ಒಂದೇ ಮೂಟೆ ಮಾಡಿ ಹೊತ್ತುಕೊಂಡಿದ್ದ. ಹಾಳೆ ಕೊಟ್ಟು ಒಂದೊಂದನ್ನೂ ಬೇರೆ ಬೇರೆ ಬರೆಸಿದೆ. ಯಾರು ಏನು ಮಾಡಿದರು, ಯಾವ ಹೊತ್ತಿಗೆ, ಹತ್ತಿರ ಯಾರಿದ್ದರು. 'ಅನ್ನಿಸಿತು' ಅನ್ನುವುದೆಲ್ಲ ಹಾಳೆಯ ಹಿಂದಿನ ಮಗ್ಗುಲಿಗೆ.

ತೀರ್ಪಿನ ಬಗ್ಗೆ ಅವನಿಗೆ ಒಂದು ಆಸೆ ಇತ್ತು. 2005ರಲ್ಲಿ ಉಜ್ಬೇಕಿಸ್ತಾನ ಮತ್ತು ಬಹ್ರೇನ್ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ರೆಫರಿ ಪೆನಾಲ್ಟಿ ನಿಯಮವನ್ನೇ ತಪ್ಪಾಗಿ ಹಚ್ಚಿದ್ದಕ್ಕೆ ಫಿಫಾ ಮರುಪಂದ್ಯ ಆಡಿಸಿತ್ತು. ನಮಗೂ ಹಾಗೇ ಆಗಲ್ವಾ ಅಂತ ಕೇಳಿದ. ಆಗಬಹುದಿತ್ತು, ಯಾಕೆಂದರೆ ಇದೂ ನಿಯಮ ತಿಳಿಯದ ತಪ್ಪೇ ಹೊರತು ಕಣ್ಣಿಗೆ ಕಾಣದ ತಪ್ಪಲ್ಲ. ಕೈಗೆ ತಾಗಿತೋ ಇಲ್ಲವೋ ಎಂಬಂಥದ್ದರಲ್ಲಿ ರೆಫರಿ ಹೇಳಿದ್ದೇ ಕೊನೆ. ಆದರೆ ಊರ ಟೂರ್ನಮೆಂಟಿನಲ್ಲಿ ಪ್ರೊಟೆಸ್ಟ್ ಕೊಡಲು ಸಮಿತಿಯ ಗಡುವು ಇರುತ್ತದೆ, ಅದು ದಾಟಿ ಹೋಗಿತ್ತು. ಅಂದಹಾಗೆ ಆ ಮರುಪಂದ್ಯದಿಂದ ದೂರು ಕೊಟ್ಟಿದ್ದ ಉಜ್ಬೇಕಿಸ್ತಾನಕ್ಕೇ ಸುಖ ಸಿಗಲಿಲ್ಲ. ಮೊದಲು 1-0 ಗೆದ್ದಿದ್ದ ಉಜ್ಬೇಕಿಸ್ತಾನ ಮರುಪಂದ್ಯದಲ್ಲಿ 1-1 ಡ್ರಾ ಮಾಡಿಕೊಂಡು, ಕೊನೆಗೆ ಹೊರಬಿತ್ತು. ಇದನ್ನು ಹೇಳಿದಾಗ ಹುಡುಗ ಮೊದಲ ಸಲ ನಕ್ಕ.

ಗೋಲು ಹೋಯಿತು, ಅದನ್ನು ಬಿಡು ಅಂದೆ. ರೆಫರಿಯ ಮಾತನ್ನು ಮಾತ್ರ ಬಿಡಬೇಡ. ತೀರ್ಪು ತಪ್ಪಾಗುವುದು ಆಟದಲ್ಲಿ ಇದ್ದದ್ದೇ. ಲೈನ್ಸ್‌ಮನ್ ಕೂಡ ಇಲ್ಲದೆ ಬಿಸಿಲಲ್ಲಿ ಓಡುವ ಊರ ರೆಫರಿಗಳ ಕಷ್ಟವೂ ನನಗೆ ಗೊತ್ತು. ಆದರೆ ಆಟಗಾರನ ಮನೆಯ ಕಸುಬು ಹಿಡಿದು ಹಂಗಿಸುವುದು ತೀರ್ಪಲ್ಲ, ನಡತೆ. ಅದಕ್ಕೆ ಉತ್ತರ ಕೊಡಬೇಕಾದವರು ರೆಫರಿಯನ್ನು ಕರೆಸಿದ ಸಮಿತಿಯವರು.

ಪತ್ರವನ್ನು ಅವನೇ ಬರೆದ, ತಂಡದ ಮ್ಯಾನೇಜರ್ ಸಹಿ ಹಾಕಿದರು. ನಡುವಿನ ಭಾಗ ಹೀಗಿತ್ತು: "ನಾನು ನಿಯಮದ ಬಗ್ಗೆ ಕೇಳಿದಾಗ ರೆಫರಿಯವರು ಈ ಮಾತು ಹೇಳಿದರು. ಹತ್ತಿರ ಇದ್ದ ಇಬ್ಬರ ಹೆಸರು ಕೆಳಗಿದೆ. ಆಮೇಲೆ ನಾನೂ ಕೆಟ್ಟ ಮಾತು ಆಡಿದೆ. ನನ್ನ ಕೆಂಪು ಕಾರ್ಡಿನ ಬಗ್ಗೆ ದೂರಿಲ್ಲ." ಕೊನೆಯ ಎರಡು ಸಾಲಿಗೆ ಮಾವ ಜಗಳಕ್ಕೇ ಬಂದರು. "ನಾವೇ ತಪ್ಪೊಪ್ಪಿಕೊಂಡಂತೆ ಆಯ್ತಲ್ಲ?" ಆ ಸಾಲುಗಳು ಇಲ್ಲದಿದ್ದರೆ ಸಮಿತಿಯವರು ಮೊದಲು ಕೇಳುವುದೇ ಬೈಗುಳದ ವಿಷಯ, ಪತ್ರ ಅಲ್ಲಿಗೇ ಮುಗಿಯುತ್ತದೆ ಅಂತ ಹೇಳಿ ಒಪ್ಪಿಸಿದೆ.

ತಂಡವನ್ನೇ ಮೈದಾನದಿಂದ ಹೊರಗೆ ಕರೆಯಬೇಕಿತ್ತು ಅನ್ನುವುದು ಮಾವನ ಇನ್ನೊಂದು ವಾದ. ಉತ್ತರ ಕೊಟ್ಟವನು ಹುಡುಗನೇ. 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿಯ ಫ್ರೀಕಿಕ್ ಗೋಲಿಗೆ ಸಿಟ್ಟಾಗಿ ಎದುರಾಳಿ ತಂಡ ಕೇರಳ ಬ್ಲಾಸ್ಟರ್ಸ್ ಹೊರನಡೆದಿತ್ತು. ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. "ನಮ್ಮ ತಂಡದ ಹತ್ರ ನಾಲ್ಕು ಸಾವಿರವೂ ಇಲ್ಲ ಮಾವಾ" ಅಂದ.

ಅವಮಾನದ ಗಾಯಕ್ಕೆ ನನ್ನ ಮಾತುಗಳಿಗಿಂತ ತಾಯಿಯ ಮಾತು ಜಾಸ್ತಿ ಕೆಲಸ ಮಾಡಿತು. ಎಲ್ಲ ಕೇಳಿಸಿಕೊಂಡು, "ಮೀನು ಮಾರಿಯೇ ಅಲ್ವಾ ನಿಂಗೆ ಬೂಟು ತಂದಿದ್ದು? ಅದ್ರಲ್ಲಿ ನಾಚಿಕೆ ಎಂಥದು? ಅಂದವ್ರಿಗೆ ನಾಚಿಕೆ ಆಗ್ಬೇಕು" ಅಂದರು. ನಾನು ನಡುವೆ ಬಾಯಿ ಹಾಕಲಿಲ್ಲ.

ರಾತ್ರಿ ಅದೇ ದೃಶ್ಯ ತಲೆಯಲ್ಲಿ ಸುತ್ತುವುದಕ್ಕೆ ಒಂದು ಸುಲಭ ಅಭ್ಯಾಸ ಕೊಟ್ಟೆ. ಸಂಜೆ ಐದಕ್ಕೆ ಕಾಲು ಗಂಟೆ ಕೂತು ಬೇಕಂತಲೇ ಅದನ್ನು ನೆನೆದು ನೋಟ್‌ಬುಕ್ಕಿನಲ್ಲಿ ಬರೆಯುವುದು. ರಾತ್ರಿ ಬಂದರೆ 'ನಾಳೆ ಐದಕ್ಕೆ' ಅಂತ ಮುಂದೂಡುವುದು. ಅಡ್ಡಾಗಿ ಫೋನ್ ನೋಡುವುದು ಬಂದ್.

ಮುಂದಿನ ಮ್ಯಾಚಿಗೆ ತಂಡದವರೇ ಕೂತು ಮಾತಾಡಿಕೊಳ್ಳಲು ಹೇಳಿದೆ. ರೆಫರಿ ಹತ್ತಿರ ಹೋಗುವವನು ಕ್ಯಾಪ್ಟನ್ ಒಬ್ಬನೇ, ಉಳಿದವರು ದೂರ. 2024ರ ಯೂರೋ ಕಪ್‌ನಲ್ಲಿ ಇದೇ ಪದ್ಧತಿ ತಂದಿದ್ದರು. ಕೈ ಹಿಂದೆ ಕಟ್ಟಿ, ಒಂದೇ ಪ್ರಶ್ನೆ: "ಸರ್, ಥ್ರೋ-ಇನ್‌ಗೆ ಆಫ್‌ಸೈಡ್ ಇದೆಯಾ?" ಅದೂ ಆಟ ಮತ್ತೆ ಶುರುವಾಗುವ ಮೊದಲೇ. ಶುರುವಾದ ಮೇಲೆ ರೆಫರಿ ಬಯಸಿದರೂ ತೀರ್ಪು ತಿರುಗಿಸಲು ನಿಯಮ ಬಿಡುವುದಿಲ್ಲ. ರೆಫರಿ ಕೆಟ್ಟ ಮಾತಾಡಿದರೆ ಅಲ್ಲೇ ಉತ್ತರ ಬೇಡ. ಮಾತನ್ನು ನೆನಪಿಟ್ಟು ಹಾಫ್ ಟೈಮಿನಲ್ಲಿ ಮ್ಯಾನೇಜರ್‌ಗೆ ಹೇಳುವುದು, ಅವತ್ತೇ ಬರೆದು ಕೊಡುವುದು.

ಸಮಿತಿಯವರು ಇಬ್ಬರು ಸಾಕ್ಷಿಗಳನ್ನು ಕೇಳಿದರು, ವಿಡಿಯೊ ನೋಡಿದರು. ಆ ಟೂರ್ನಮೆಂಟಿನ ಉಳಿದ ಪಂದ್ಯಗಳಿಗೆ ಆ ರೆಫರಿಯನ್ನು ಹಾಕಲಿಲ್ಲ. ಕ್ಷಮೆಯ ಮಾತೇನೂ ಬರಲಿಲ್ಲ, ಅದು ಬರಬೇಕಿತ್ತು ಅಂತ ನನಗೂ ಅನ್ನಿಸುತ್ತದೆ. ಹುಡುಗ ಕೆಂಪು ಕಾರ್ಡಿನ ಶಿಕ್ಷೆ ಮುಗಿಸಿ ಮತ್ತೆ ಆಡುತ್ತಿದ್ದಾನೆ, ನಿದ್ದೆ ದಾರಿಗೆ ಬಂದಿದೆ. ವಿಡಿಯೊ ಮಾವನ ಫೋನಿನಲ್ಲೇ ಇದೆ. ಸ್ಟೇಟಸ್ಸಿಗೆ ಹಾಕಿಲ್ಲ. ಅಳಿಸಿ ಅಂತ ನಾನೂ ಹೇಳಿಲ್ಲ, ಸಮಿತಿಯವರು ಮತ್ತೆ ಕೇಳಿದರೆ ಬೇಕಾಗುತ್ತದೆ.