ಮನೆಯಲ್ಲಿ ಕನ್ನಡವನ್ನೇ ಮಾತಾಡಿ: ಇಂಗ್ಲಿಷ್ ಕಲಿಕೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳು ಈ ವರ್ಷ ಮೂರನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಾಳೆ. ಪೋಷಕರ ಸಭೆಯಲ್ಲಿ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಕನ್ನಡ ನಿಲ್ಲಿಸಿ’ ಎಂದರು. ನಾನು ಪಿಯುಸಿ, ಯಜಮಾನರು ಎಸ್ಸೆಸ್ಸೆಲ್ಸಿ. ನಮಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೆ. ಈಗ ಮನೆಯಲ್ಲಿ ಮಾತೇ ಕಡಿಮೆಯಾಗಿದೆ. ಏನು ಮಾಡಲಿ? (ತಾಯಿಯೊಬ್ಬರು, ರಾಣೆಬೆನ್ನೂರು)

ಉತ್ತರ: ಇವತ್ತು ಸಂಜೆಯೇ ಕನ್ನಡಕ್ಕೆ ವಾಪಸ್ ಬನ್ನಿ. ‘ಮಾತೇ ಕಡಿಮೆಯಾಗಿದೆ’ ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ಸಂಕಟವಾಯಿತು. ಎಂಟು ವರ್ಷದ ಮಗುವಿನ ಜೊತೆ ಅಮ್ಮನಿಗೆ ಮಾತಾಡಲು ಎಷ್ಟೊಂದು ಇರುತ್ತದೆ. ಶಾಲೆಯಲ್ಲಿ ಯಾರ ಜೊತೆ ಜಗಳ, ಟಿಫನ್ ಯಾಕೆ ಹಾಗೇ ವಾಪಸ್ ಬಂತು, ಅಜ್ಜಿ ಊರಿನ ಕೆರೆ ಕೋಡಿ ಬಿತ್ತಂತೆ. ಇದೆಲ್ಲ ‘ಕಮ್, ಈಟ್, ಸ್ಲೀಪ್, ಡೂ ಹೋಮ್‌ವರ್ಕ್’ ಅನ್ನುವ ನಾಲ್ಕು ಮಾತಿಗೆ ಇಳಿದರೆ ಮಗುವಿಗೆ ಇಂಗ್ಲಿಷೂ ಸಿಗುವುದಿಲ್ಲ, ಕನ್ನಡವೂ ಕೈಬಿಡುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಬಟ್ಟೆ ಒಣಗಿದಾಗ ನೀರು ಎಲ್ಲಿ ಹೋಯಿತು? ಇದನ್ನು ನೀವು ಹಗ್ಗದ ಮೇಲೆ ಬಟ್ಟೆ ಹಾಕುತ್ತಾ ಕನ್ನಡದಲ್ಲಿ ಮಾತಾಡಿದ್ದೀರಿ ಅಂದುಕೊಳ್ಳಿ. ಬಿಸಿಲಿಗೆ ನೀರು ಆವಿಯಾಯಿತು, ಗಾಳಿಗೆ ಸೇರಿತು, ಅದೇ ಮೋಡವಾಗುತ್ತದೆ. ಮುಂದೆ ತರಗತಿಯಲ್ಲಿ ಇವಾಪರೇಷನ್ ಎನ್ನುವ ಪದ ಬಂದಾಗ ಅವಳು ಕಲಿಯಬೇಕಾದದ್ದು ಆ ಒಂದು ಪದ ಮಾತ್ರ. ವಿಷಯ ಆಗಲೇ ತಲೆಯಲ್ಲಿದೆ. ಮನೆಯಲ್ಲಿ ಇಂಥ ಮಾತೇ ನಡೆಯದ ಮಗು ವಿಷಯವನ್ನೂ ಪದವನ್ನೂ ಒಟ್ಟಿಗೆ ಹೊರಬೇಕು. ಹೊರಲಾಗದೆ ಸುಮ್ನೆ ಬಾಯಿಪಾಠ ಮಾಡುತ್ತದೆ. ಸರಕಾರಿ ಪ್ರೌಢಶಾಲೆಯಲ್ಲಿ 26 ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಕನ್ನಡ ಚೆನ್ನಾಗಿ ಓದಿ ಬರೆಯುತ್ತಿದ್ದ ಮಕ್ಕಳೇ ಇಂಗ್ಲಿಷಿನಲ್ಲೂ ಬೇಗ ಮುಂದೆ ಬಂದದ್ದನ್ನು ವರ್ಷ ವರ್ಷವೂ ನೋಡಿದ್ದೇನೆ.

ಇದು ನನ್ನೊಬ್ಬಳ ಅನುಭವ ಅಲ್ಲ. ಕೆನಡಾದ ಜಿಮ್ ಕಮಿನ್ಸ್ ಎನ್ನುವ ಸಂಶೋಧಕರು 1979ರಿಂದಲೇ ಇದನ್ನು ವಿವರಿಸುತ್ತಾ ಬಂದಿದ್ದಾರೆ. ಮೊದಲ ಭಾಷೆಯಲ್ಲಿ ಗಟ್ಟಿಯಾದ ಓದು, ಯೋಚನೆ ಎರಡನೇ ಭಾಷೆಗೂ ಒದಗುತ್ತದೆ ಎನ್ನುವುದು ಅವರ ಮಾತು. ಅವರು ಹೇಳಿದ ಇನ್ನೊಂದು ವಿಷಯ ಪ್ರತಿ ಪೋಷಕರಿಗೂ ಗೊತ್ತಿರಬೇಕು. ಸುತ್ತಲೂ ಇಂಗ್ಲಿಷ್ ಇರುವ ದೇಶಕ್ಕೆ ಹೋದ ಮಕ್ಕಳಿಗೆ ಆಟದ ಬಯಲಿನ ಇಂಗ್ಲಿಷ್ ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಆದರೆ ಪಾಠಪುಸ್ತಕದ ಇಂಗ್ಲಿಷ್ ಗಟ್ಟಿಯಾಗಲು ಐದರಿಂದ ಏಳು ವರ್ಷ ಬೇಕು. ಅಲ್ಲೇ ಹಾಗಾದರೆ ರಾಣೆಬೆನ್ನೂರಿನ ಮಗುವಿಗೆ ಆರು ತಿಂಗಳಲ್ಲಿ ಬರಬೇಕು ಅನ್ನುವುದು ನ್ಯಾಯವೇ?

ದಿನಾ ರಾತ್ರಿ ಒಂದು ಕನ್ನಡ ಕಥೆ ಓದಿ, ಇಲ್ಲವೇ ಹೇಳಿ. ‘ಇವತ್ತು ವಿಜ್ಞಾನದಲ್ಲಿ ಏನಿತ್ತು, ಕನ್ನಡದಲ್ಲಿ ಹೇಳು’ ಎಂದು ಕೇಳಿ. ಹೇಳಲು ಬಂದರೆ ಅರ್ಥವಾಗಿದೆ ಎಂದು ಲೆಕ್ಕ. ಇಂಗ್ಲಿಷಿಗೆ ದಿನಕ್ಕೆ 15 ನಿಮಿಷ ಇಡಿ, ಅದರಲ್ಲಿ ಅವಳೇ ಟೀಚರ್, ನೀವು ವಿದ್ಯಾರ್ಥಿ. ಮುಂದಿನ ಸಭೆಯಲ್ಲಿ ಶಾಲೆಯವರಿಗೆ ನೇರವಾಗಿ ಹೇಳಿ: ಇಂಗ್ಲಿಷ್ ಕಲಿಸುವ ಕೆಲಸ ನಿಮ್ಮದು, ಮಗುವಿನ ಜೊತೆ ಮಾತಾಡುವ ಕೆಲಸ ನಮ್ಮದು.

ಪ್ರಶ್ನೆ: ನಾನು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂರನೇ ತರಗತಿಯ ಮಕ್ಕಳು ಎ ಟು ಝಡ್ ಪಟಪಟ ಹೇಳುತ್ತಾರೆ, ಸ್ಪೆಲಿಂಗೂ ಹೇಳುತ್ತಾರೆ. ಆದರೆ ಹೊಸ ಪದ ಕೊಟ್ಟರೆ ಓದಲು ಬರುವುದಿಲ್ಲ. (ಚಳ್ಳಕೆರೆ ತಾಲ್ಲೂಕು)

ಉತ್ತರ: ಮೊದಲೆಲ್ಲ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. 2007ರಿಂದ ಒಂದನೇ ತರಗತಿಗೇ ಬಂತು. ಪುಸ್ತಕ ಬಂತು, ಆದರೆ ಅಕ್ಷರದಿಂದ ಓದಿಗೆ ಹೋಗುವ ದಾರಿ ಬಹಳ ಕಡೆ ಹಳೆಯದೇ ಉಳಿಯಿತು.

ನಮ್ಮ ಮಕ್ಕಳ ತೊಡಕು ಎಲ್ಲಿದೆ ನೋಡಿ. ಕನ್ನಡದಲ್ಲಿ ‘ಮ’ ಅಕ್ಷರದ ಹೆಸರೂ ಮ, ಅದರ ಸದ್ದೂ ಮ. ಮ, ರ ಎರಡು ಸೇರಿಸಿದರೆ ಮರ, ಅಲ್ಲಿಗೆ ಮುಗಿಯಿತು. ಇಂಗ್ಲಿಷಿನಲ್ಲಿ ‘ಸಿ, ಎ, ಟಿ’ ಮೂರನ್ನೂ ಎಷ್ಟು ಜೋರಾಗಿ ಸೇರಿಸಿದರೂ ‘ಸಿಎಟಿ’ ಆಗುತ್ತದೆಯೇ ಹೊರತು ‘ಕ್ಯಾಟ್’ ಆಗುವುದಿಲ್ಲ. ನಾವು ಹೆಸರು ಕಲಿಸಿದ್ದೇವೆ, ಸದ್ದು ಕಲಿಸಿಲ್ಲ.

ಹಾಗಾಗಿ ಸದ್ದಿನಿಂದ ಶುರು ಮಾಡಿ. ಮೊದಲಿಗೆ ಎಸ್, ಎ, ಟಿ, ಪಿ, ಐ, ಎನ್, ಈ ಆರು ಅಕ್ಷರ ಸಾಕು. ಇಷ್ಟರಲ್ಲೇ ಸಿಟ್, ಪಿನ್, ಟಿನ್, ಟ್ಯಾಪ್, ಪ್ಯಾಟ್, ಸ್ನಿಪ್ ಎಲ್ಲ ಸಿಗುತ್ತವೆ. ಇಲ್ಲಿ ನಮ್ಮ ಮಕ್ಕಳಿಗೆ ಒಂದು ದೊಡ್ಡ ಅನುಕೂಲ ಇದೆ. ಅವರಿಗೆ ಅರ್ಧಾಕ್ಷರ ಗೊತ್ತು. ಎಸ್ ಅಂದರೆ ‘ಸ’ ಅಲ್ಲ, ‘ಸ್’. ಪಿ ಅಂದರೆ ‘ಪ’ ಅಲ್ಲ, ‘ಪ್’. ಬೋರ್ಡಿನ ಮೇಲೆ ಹಾಗೇ ಬರೆದು ತೋರಿಸಿ: ಪ್, ಇ, ನ್. ಮಕ್ಕಳು ತಾವಾಗಿಯೇ ‘ಪಿನ್’ ಅನ್ನುತ್ತಾರೆ. ‘ಪಿನ್ನು’ ಅಂದರೂ ಬೈಯಬೇಡಿ, ಪದದ ಕೊನೆಗೆ ಉಕಾರ ಬರುವುದು ಕನ್ನಡದ ಬಾಯಿಯ ಅಭ್ಯಾಸ, ಬಸ್ಸು ಕಾರು ಬಂದದ್ದೂ ಹಾಗೇ ಅಲ್ವಾ. ಓದು ಹರಿದ ಮೇಲೆ ತಿದ್ದಬಹುದು.

ದಿ, ವಾಸ್, ಸೆಡ್, ಒನ್ ಥರದ ಪದಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅವನ್ನು ಕಾರ್ಡ್ ಮಾಡಿ ಗೋಡೆಗೆ ಹಚ್ಚಿ, ನೋಡಿ ನೋಡಿ ಗುರುತಾಗಲಿ. ಅವಸರ ಬೇಡ. ನಲಿ-ಕಲಿಯಲ್ಲಿ ಕನ್ನಡ ಅಕ್ಷರಗಳನ್ನು ವರ್ಣಮಾಲೆಯ ಕ್ರಮ ಬಿಟ್ಟು, ಪದ ಹುಟ್ಟುವ ಕ್ರಮದಲ್ಲಿ ಕಲಿಸುತ್ತೀರಲ್ಲ, ಅದೇ ಜಾಣ್ಮೆ ಇದು.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ. ಮೀಟಿಂಗಿನಲ್ಲಿ ಬಾಯಿ ಬರುವುದಿಲ್ಲ. ನನ್ನ ಉಚ್ಚಾರಕ್ಕೆ ನಗುತ್ತಾರೆ ಎನ್ನುವ ಭಯ. (ವಿಜಯಪುರದ ಯುವಕ)

ಉತ್ತರ: ನಿಮ್ಮ ಬಾಯಿ ಕಟ್ಟುವುದಕ್ಕೆ ಕಾರಣ ಇದೆ, ಅದು ದಡ್ಡತನ ಅಲ್ಲವೇ ಅಲ್ಲ. ‘ನಿನ್ನೆ ಮಷೀನು ಕೆಟ್ಟಿದ್ದರಿಂದ ಆರ್ಡರ್ ಕಳಿಸಲು ಆಗಲಿಲ್ಲ’ ಎನ್ನುತ್ತೀರಿ. ಕನ್ನಡದಲ್ಲಿ ಕಾರಣ ಮೊದಲು, ಮುಖ್ಯ ಮಾತು ಕೊನೆಗೆ, ಕ್ರಿಯಾಪದ ಅದಕ್ಕೂ ಕೊನೆಗೆ. ಇಂಗ್ಲಿಷಿನವರು ‘ವಿ ಕುಡಂಟ್ ಸೆಂಡ್ ದಿ ಆರ್ಡರ್’ ಎಂದು ಮೊದಲೇ ಹೇಳಿ ಮುಗಿಸಿ, ಆಮೇಲೆ ‘ಬಿಕಾಸ್’ ಎಂದು ಕಾರಣಕ್ಕೆ ಬರುತ್ತಾರೆ. ನೀವು ಕನ್ನಡದಲ್ಲಿ ವಾಕ್ಯ ಕಟ್ಟಿ, ಅದನ್ನು ತಲೆಯೊಳಗೇ ಬುಡಮೇಲು ಮಾಡಿ, ಆಮೇಲೆ ಬಾಯಿ ಬಿಡಬೇಕು. ಅಷ್ಟರಲ್ಲಿ ಮೀಟಿಂಗು ಮುಂದೆ ಹೋಗಿರುತ್ತದೆ.

ಕಾಗದದಲ್ಲಿ ನೀವೇ ಬರೆದ ‘ಎರಡು ವರ್ಷದಿಂದ’ ನೋಡಿ. ಈ ‘ಇಂದ’ವನ್ನು ನೇರವಾಗಿ ಇಂಗ್ಲಿಷಿಗೆ ತಂದು ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಅನ್ನುತ್ತೇವೆ. ಆಗಬೇಕಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’. ಇಷ್ಟು ವರ್ಷ ಎಂದು ಅವಧಿ ಹೇಳುವಾಗ ಫಾರ್, ಇಂಥ ವರ್ಷದಿಂದ ಎಂದು ಶುರುವಾದ ಹೊತ್ತು ಹೇಳುವಾಗ ಸಿನ್ಸ್. ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ನಾವು ‘ನನಗೆ ಇಂಗ್ಲಿಷ್ ಬರುತ್ತದೆ’ ಅನ್ನುತ್ತೇವೆ. ಭಾಷೆ ನಮ್ಮ ಹತ್ತಿರ ಬರುತ್ತದೆ, ಹಸಿವು, ಜ್ವರ, ನಿದ್ದೆ ಬಂದ ಹಾಗೆ. ಇಂಗ್ಲಿಷಿನಲ್ಲಿ ಹಾಗಲ್ಲ, ‘ಐ’ ಎಂದೇ ಶುರು ಮಾಡಬೇಕು: ಐ ಸ್ಪೀಕ್, ಐ ನೋ, ಐ ಆ್ಯಮ್ ಹಂಗ್ರಿ. ಇದೊಂದು ಅಭ್ಯಾಸವಾದರೆ ಅರ್ಧ ಗೋಜಲು ಬಿಡಿಸಿದಂತೆ.

ಮಾಡಬೇಕಾದ್ದು ಇಷ್ಟು. ನಿಮ್ಮ ಕೆಲಸದಲ್ಲಿ ದಿನಾ ಬರುವ 30 ಮಾತು ಆರಿಸಿಕೊಳ್ಳಿ. ಯಾರಾದರೂ ಬಲ್ಲವರಿಂದ ಸರಿ ಮಾಡಿಸಿ, ಇಡೀ ವಾಕ್ಯವನ್ನೇ ಬಾಯಿಗೆ ಕೂರಿಸಿಕೊಳ್ಳಿ, ಆಗ ತಲೆಕೆಳಗು ಮಾಡುವ ಕೆಲಸವೇ ಇರುವುದಿಲ್ಲ. ರಾತ್ರಿ ಆ ದಿನದ ಕೆಲಸವನ್ನು ಜೋರಾಗಿ ನಾಲ್ಕು ನಿಮಿಷ ಹೇಳಿ, ಅದನ್ನೇ ಮೂರು ನಿಮಿಷದಲ್ಲಿ, ಮತ್ತೆ ಎರಡು ನಿಮಿಷದಲ್ಲಿ ಹೇಳಿ. ಮೂರನೇ ಸಲಕ್ಕೆ ನಾಲಿಗೆ ತಾನಾಗಿ ಓಡುತ್ತದೆ. ಮನಸ್ಸಿನಲ್ಲಿ ಹೇಳಿಕೊಂಡರೆ ಪ್ರಯೋಜನವಿಲ್ಲ, ಬಾಯಿ ಬಿಡಲೇಬೇಕು.

ಉಚ್ಚಾರದ ಬಗ್ಗೆ: ವಿಜಯಪುರದ ದನಿ ನಿಮ್ಮದು, ಅದು ಹಾಗೇ ಇರಲಿ. ಅಮೆರಿಕದವರ ಹಾಗೆ ಮಾತಾಡುವ ಅಗತ್ಯ ಇಲ್ಲ, ಎದುರಿನವರಿಗೆ ತಿಳಿದರೆ ಸಾಕು. ಆದರೆ ಎರಡು ಕಡೆ ಗಮನ ಕೊಡಿ. ನಾವು ಎಗ್ ಅನ್ನು ‘ಯೆಗ್’, ಓಲ್ಡ್ ಅನ್ನು ‘ವೋಲ್ಡ್’ ಮಾಡುತ್ತೇವೆ, ಅದನ್ನು ಬಿಡಿ. ಮತ್ತೆ, ಇಂಗ್ಲಿಷ್ ಪದದಲ್ಲಿ ಒಂದು ಜಾಗಕ್ಕೆ ಒತ್ತು ಜಾಸ್ತಿ. ಫೋಟೋಗ್ರಾಫ್‌ನಲ್ಲಿ ಮೊದಲ ‘ಫೋ’ಗೆ, ಫೋಟೋಗ್ರಫಿಯಲ್ಲಿ ‘ಟೋ’ಗೆ. ನಾವು ಎಲ್ಲ ಅಕ್ಷರವನ್ನೂ ಸಮವಾಗಿ ಹೇಳುತ್ತೇವೆ, ಹೊರಗಿನವರಿಗೆ ತೊಡಕಾಗುವುದು ಅಲ್ಲೇ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾಗುತ್ತಾರೆ, ಒಂದು ವಾಕ್ಯ ಸ್ವಂತಕ್ಕೆ ಬರೆಯಲಾರರು. 40 ನಿಮಿಷದ ಪಿರಿಯಡ್ಡಿನಲ್ಲಿ ಏನು ಸಾಧ್ಯ? (ಮಳವಳ್ಳಿ)

ಉತ್ತರ: ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಚರ್ಚೆಗಳಿಂದ ಹೊರಟು, 1979ರಿಂದ 1984ರ ತನಕ ಎನ್.ಎಸ್. ಪ್ರಭು ಮತ್ತು ಅವರ ಜೊತೆಗಾರರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಜಗತ್ತಿನಲ್ಲಿ ಇಂಗ್ಲಿಷ್ ಕಲಿಸುವವರು ಇವತ್ತಿಗೂ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ನಮ್ಮ ಎಷ್ಟೋ ಶಿಕ್ಷಕರಿಗೇ ಇದರ ಸುದ್ದಿ ಇಲ್ಲ ಎನ್ನುವುದು ನನ್ನ ಬೇಸರ.

ವ್ಯಾಕರಣ ಪಾಠವಿಲ್ಲ, ವಾಕ್ಯದ ಡ್ರಿಲ್ ಇಲ್ಲ. ಮಕ್ಕಳಿಗೆ ಬಿಡಿಸಲು ಒಂದು ಕೆಲಸ ಕೊಡುತ್ತಿದ್ದರು: ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಲೆಕ್ಕದ ಒಗಟು. ಗಮನವೆಲ್ಲ ಉತ್ತರ ಹುಡುಕುವುದರಲ್ಲಿ ಇರುವಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎನ್ನುವುದು ಪ್ರಭು ಅವರ ನಂಬಿಕೆ.

ನೀವು ಮಳವಳ್ಳಿ ಬಸ್ ನಿಲ್ದಾಣದ ವೇಳಾಪಟ್ಟಿಯನ್ನೇ ಬೋರ್ಡಿಗೆ ತನ್ನಿ. ಮೊದಲ 20 ನಿಮಿಷ ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲಿ ಪ್ರಶ್ನೋತ್ತರ: ಮೈಸೂರಿಗೆ ಮೊದಲ ಬಸ್ ಎಷ್ಟಕ್ಕೆ, ಹತ್ತು ಗಂಟೆಗೆ ಅಲ್ಲಿರಬೇಕಾದರೆ ಯಾವುದು ಹತ್ತಬೇಕು. ಆಮೇಲೆ ಅಂಥದೇ ಇನ್ನೊಂದು ಪಟ್ಟಿ ಕೊಟ್ಟು ಒಬ್ಬೊಬ್ಬರೇ ಬಿಡಿಸಲಿ. ಕೆಲಸ ಎಷ್ಟು ಕಷ್ಟ ಇರಬೇಕು ಎನ್ನುವುದಕ್ಕೆ ಪ್ರಭು ಅವರದೇ ಒಂದು ಅಳತೆ ಇದೆ. ಕನಿಷ್ಠ ಅರ್ಧ ತರಗತಿಗೆ ಕನಿಷ್ಠ ಅರ್ಧ ಕೆಲಸ ಸರಿ ಬರಬೇಕು. ಮಕ್ಕಳು ನಡುವೆ ಕನ್ನಡ ಮಾತಾಡಿದರೆ ಮಾತಾಡಲಿ, ಗದರಬೇಡಿ. ಪರೀಕ್ಷೆ ಬದಲಾಗಿಲ್ಲ, ಅದಕ್ಕೂ ಸಿದ್ಧತೆ ಬೇಕು, ಗೊತ್ತು. ವಾರಕ್ಕೆ ಎರಡು ಪಿರಿಯಡ್ ಮಾತ್ರ ಇದಕ್ಕೆ ಇಡಿ, ಒಂದು ವರ್ಷ ಬಿಡದೆ ಮಾಡಿ.

ಪ್ರಶ್ನೆ: ನನಗೆ 61. ಮೊಮ್ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ, ಇಂಗ್ಲಿಷ್ ಮಾತ್ರ ಮಾತಾಡುತ್ತಾನೆ. ಅವನ ಜೊತೆ ಮಾತಾಡಲು ಈ ವಯಸ್ಸಿನಲ್ಲಿ ಇಂಗ್ಲಿಷ್ ಬರುತ್ತದೆಯೇ? (ಅಜ್ಜಿ, ಶಿವಮೊಗ್ಗ)

ಉತ್ತರ: ಖಂಡಿತ ಬರುತ್ತದೆ. ನಿಮ್ಮಲ್ಲಿ ಆಗಲೇ ನೂರಾರು ಪದ ಇವೆ: ಸ್ವಿಚ್, ಬಿಲ್, ಟಿಕೆಟ್, ಡಾಕ್ಟರ್, ಬ್ಯಾಗು. ಹಿಂದೆ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಎಂಬುವರು ಇಂಗ್ಲಿಷಿನ ಅತಿ ಬಳಕೆಯ ಪದಗಳನ್ನು ಆರಿಸುವ ಕೆಲಸಕ್ಕೇ ನಿಂತವರು. 1953ರಲ್ಲಿ ಬಂದ ಅವರ ಪಟ್ಟಿಯಲ್ಲಿ ಇರುವುದು ಸುಮಾರು 2000 ಪದ. ಸಾಮಾನ್ಯ ಬರವಣಿಗೆಯ ಹತ್ತರಲ್ಲಿ ಎಂಟು ಪದ ಇದರೊಳಗೇ ಬರುತ್ತವೆ. ಮಗುವಿನ ಜೊತೆ ಮಾತಿಗೆ ಇಷ್ಟೂ ಬೇಡ.

ವಿಡಿಯೊ ಕಾಲ್‌ನಲ್ಲಿ ಬರೀ ‘ಊಟ ಆಯ್ತಾ’ ಕೇಳುವ ಬದಲು ಒಂದೇ ಚಿತ್ರದ ಪುಸ್ತಕ ಇಬ್ಬರೂ ಇಟ್ಟುಕೊಳ್ಳಿ. ಅವನು ಒಂದು ಪುಟ ಇಂಗ್ಲಿಷಿನಲ್ಲಿ ಓದಲಿ, ನೀವು ಅದೇ ಪುಟ ಕನ್ನಡದಲ್ಲಿ ಹೇಳಿ. ನಿಮಗೆ ಇಂಗ್ಲಿಷ್ ಬರುತ್ತದೆ, ಅವನಿಗೂ ಕನ್ನಡ ಕಿವಿಗೆ ಬೀಳುತ್ತದೆ. ಅವನಿಗೆ ಅಜ್ಜಿಯ ಕನ್ನಡ ಕೊಡಬಲ್ಲವರು ನೀವೊಬ್ಬರೇ, ಅದನ್ನು ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಎರಡು ಸಣ್ಣ ಪ್ರಶ್ನೆ. ‘ಯು ಆರ್ ಕಮಿಂಗ್, ಇಸಂಟ್ ಇಟ್’ ತಪ್ಪೇ? ‘ಎಷ್ಟನೇ’ಗೆ ಇಂಗ್ಲಿಷಿನಲ್ಲಿ ಏನು? (ಪುತ್ತೂರು)

ಉತ್ತರ: ನಮ್ಮ ‘ಅಲ್ವಾ’ ಯಾವ ವಾಕ್ಯಕ್ಕಾದರೂ ಹೊಂದುತ್ತದೆ, ಹಾಗಾಗಿ ‘ಇಸಂಟ್ ಇಟ್’ ಅನ್ನೂ ಹಾಗೇ ಬಳಸುತ್ತೇವೆ. ಪರೀಕ್ಷೆಯಲ್ಲಿ ‘ಆರಂಟ್ ಯು’ ಎಂದೇ ಬರೆಯಿರಿ, ಮಾತಿನಲ್ಲಿ ತಡವರಿಸಿದರೆ ‘ರೈಟ್?’ ಅಂದರೆ ಸಾಕು.

‘ಎಷ್ಟನೇ’ಗೆ ಇಂಗ್ಲಿಷಿನಲ್ಲಿ ಒಂದೇ ಪದ ಬಳಕೆಯಲ್ಲಿಲ್ಲ. ಸಂದರ್ಭ ನೋಡಿ ಸುತ್ತಿ ಬರಬೇಕು. ಎಷ್ಟನೇ ಮಹಡಿ, ಎಷ್ಟನೇ ತರಗತಿ ಎನ್ನಲು ‘ವಿಚ್ ಫ್ಲೋರ್’, ‘ವಿಚ್ ಕ್ಲಾಸ್’. ದಶರಥನಿಗೆ ರಾಮ ಎಷ್ಟನೇ ಮಗ ಎನ್ನಲು ‘ಈಸ್ ರಾಮ ದಿ ಎಲ್ಡೆಸ್ಟ್?’ ಎಂದು ಊಹಿಸಿ ಕೇಳಬೇಕು. ಎಷ್ಟನೇ ಪ್ರಧಾನಿ ಎಂದು ಕೇಳಬೇಕಿದ್ದರೆ ‘ಹೌ ಮೆನಿ ಪ್ರೈಮ್ ಮಿನಿಸ್ಟರ್ಸ್ ಕೇಮ್ ಬಿಫೋರ್ ಹಿಮ್?’ ಎಂದು ಕೇಳಿ, ಬಂದ ಉತ್ತರಕ್ಕೆ ಒಂದು ಕೂಡಿಸಿಕೊಳ್ಳಿ.