ಮೌನ ಸರಿ, ಆದರೆ ಎಷ್ಟು ಹೊತ್ತು? ಎಷ್ಟು ವೇಗದಲ್ಲಿ?

ಸರ್, ನಿಮ್ಮ ಹೋಲಿಕೆ ಪಟ್ಟಿ ನೋಡಿದೆ. ಡೀಸೆಲ್ ಸಬ್‌ಮರೀನಿನ ಮುಂದೆ ‘ಮೌನ’, ನ್ಯೂಕ್ಲಿಯರ್ ಮುಂದೆ ‘ಸದ್ದು’ ಎಂದು ಬರೆದು, ಹಾಗಿದ್ದರೆ ದೊಡ್ಡ ನೌಕಾಪಡೆಗಳು ರಿಯಾಕ್ಟರಿಗೆ ಅಷ್ಟು ದುಡ್ಡು ಸುರಿಯುವುದೇಕೆ ಎಂದು ಕೇಳಿದ್ದೀರಿ. ಒಂದೊಂದು ಪದದಲ್ಲಿ ಮುಗಿಯುವ ವಿಷಯ ಇದಲ್ಲ. ಎಷ್ಟು ಹೊತ್ತು ಮೌನ, ಎಷ್ಟು ವೇಗದಲ್ಲಿ ಮೌನ ಎಂಬುದನ್ನೂ ಸೇರಿಸಿ ನೋಡಬೇಕು.

ಮೊದಲು ಸದ್ದು ಹುಟ್ಟುವ ಜಾಗ. ಬ್ಯಾಟರಿಯ ಮೇಲೆ ಮೆಲ್ಲಗೆ ಸಾಗುವ ಡೀಸೆಲ್ ಸಬ್‌ಮರೀನಿನಲ್ಲಿ ತಿರುಗುವುದು ಒಂದು ವಿದ್ಯುತ್ ಮೋಟರ್, ಕೆಲವು ಪಂಪು, ಫ್ಯಾನು. ಬೇಕೆಂದರೆ ಅವುಗಳಲ್ಲೂ ಬಹುಪಾಲನ್ನು ನಿಲ್ಲಿಸಿ ಸುಮ್ಮನೆ ಕಾಯಬಹುದು. ರಿಯಾಕ್ಟರನ್ನು ಹಾಗೆ ಆರಿಸಿ ಕೂರಲಾಗದು. ನಿಲ್ಲಿಸಿದ ಮೇಲೂ ಅದರೊಳಗೆ ಶಾಖ ಹುಟ್ಟುತ್ತಲೇ ಇರುತ್ತದೆ, ತಂಪಿನ ನೀರು ಹರಿಯುತ್ತಿರಲೇಬೇಕು. ಅದರ ಜೊತೆಗೆ ಹಬೆಯ ಟರ್ಬೈನ್, ಟರ್ಬೈನಿನ ವೇಗವನ್ನು ಪ್ರೊಪೆಲ್ಲರಿಗೆ ತಕ್ಕಂತೆ ಇಳಿಸುವ ಗೇರ್. ಗೇರಿನ ಹಲ್ಲುಗಳಿಂದ ಒಂದೇ ಸ್ವರದ, ಬಿಡದ ಗುಂಯ್‌ಗುಡುವಿಕೆ ಹೊರಡುತ್ತದೆ. ಕಿವಿಗೊಟ್ಟು ಕೂತ ಸೋನಾರ್‌ಗೆ (ಸದ್ದಿನಿಂದ ನೀರೊಳಗಿನ ವಸ್ತುಗಳನ್ನು ಪತ್ತೆ ಮಾಡುವ ಉಪಕರಣ) ಸಮುದ್ರದ ಗದ್ದಲದಲ್ಲೂ ಬೇರೆಯಾಗಿ ಸಿಗುವುದು ಇಂಥ ಸ್ವರಗಳೇ.

ಹಾಗೆಂದು ಇಂದಿನ ನ್ಯೂಕ್ಲಿಯರ್ ಸಬ್‌ಮರೀನನ್ನು ಗದ್ದಲದ ಯಂತ್ರ ಎಂದುಕೊಂಡರೆ ಐವತ್ತು ವರ್ಷಗಳ ಎಂಜಿನಿಯರಿಂಗ್ ಶ್ರಮವನ್ನೇ ಮರೆತಂತೆ. ಯಂತ್ರಗಳನ್ನು ಒಡಲಿಗೆ ತಾಗದಂತೆ ರಬ್ಬರಿನ ಆಧಾರಗಳ ಮೇಲೆ ಕೂರಿಸುತ್ತಾರೆ. ಹೊರಮೈಗೆ ಸದ್ದು ಹೀರುವ ರಬ್ಬರ್ ಹಾಸು ಅಂಟಿಸುತ್ತಾರೆ. ಕೆಲವು ರಿಯಾಕ್ಟರುಗಳಲ್ಲಿ ಕಡಿಮೆ ಶಕ್ತಿಯಲ್ಲಿದ್ದಾಗ ಬಿಸಿನೀರು ತಾನಾಗಿಯೇ ಮೇಲೇರಿ ಸುತ್ತುತ್ತದೆ, ದೊಡ್ಡ ಪಂಪುಗಳ ಅಗತ್ಯವೇ ಬೀಳುವುದಿಲ್ಲ. 2009ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಸಾಗರದಾಳದಲ್ಲಿ ಬ್ರಿಟನ್ನಿನ ವ್ಯಾನ್‌ಗಾರ್ಡ್ ಮತ್ತು ಫ್ರಾನ್ಸಿನ ಲ ತ್ರಿಯೋಂಫಾಂ ಡಿಕ್ಕಿ ಹೊಡೆದವು. ಎರಡೂ ನ್ಯೂಕ್ಲಿಯರ್ ಸಬ್‌ಮರೀನುಗಳು, ಎರಡರಲ್ಲೂ ಅಣ್ವಸ್ತ್ರ ಕ್ಷಿಪಣಿಗಳನ್ನು ಹೊರುವ ಏರ್ಪಾಡು. ಮೈಗೆ ಮೈ ತಾಗುವವರೆಗೂ ಒಂದರ ಸುಳಿವು ಇನ್ನೊಂದಕ್ಕೆ ಸಿಕ್ಕಿರಲಿಲ್ಲ.

ಇನ್ನು ಡೀಸೆಲ್‌ನ ಕಷ್ಟ. ಬ್ಯಾಟರಿ ಖಾಲಿಯಾದರೆ ಎಂಜಿನ್ ಓಡಿಸಬೇಕು, ಎಂಜಿನ್ನಿಗೆ ಗಾಳಿ ಬೇಕು. ನೀರಿನ ಮೇಲ್ಮೈ ಹತ್ತಿರಕ್ಕೆ ಬಂದು ಸ್ನಾರ್ಕೆಲ್ ಕೊಳವೆ ಮೇಲೆತ್ತಲೇಬೇಕು. ಆಗ ಎಂಜಿನ್ನಿನ ಸದ್ದು ದೂರಕ್ಕೆ ಹೋಗುತ್ತದೆ, ಕೊಳವೆಯ ತುದಿ ವಿಮಾನದ ರೇಡಾರಿಗೆ ಸಿಗಬಹುದು. ಬೇಟೆಗಾರರು ಕಾದು ಕೂರುವುದೇ ಈ ಹೊತ್ತಿಗೆ. ನಿಧಾನಕ್ಕೆ, ಮೂರು ನಾಲ್ಕು ನಾಟ್‌ನಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಹೋದರೆ ಬ್ಯಾಟರಿ ಕೆಲವು ದಿನ ಬಂದೀತು. 20 ನಾಟ್ ಹತ್ತಿರ ಓಡಿಸಿದರೆ ಒಂದೆರಡು ಗಂಟೆಯಲ್ಲೇ ಮುಗಿಯುತ್ತದೆ. ಅಂದರೆ ಡೀಸೆಲ್ ಸಬ್‌ಮರೀನು ಶತ್ರು ಬರುವ ದಾರಿಯಲ್ಲಿ ಹೊಂಚು ಹಾಕಬಲ್ಲದು, ಓಡುವ ಹಡಗನ್ನು ದಿನಗಟ್ಟಲೆ ಬೆನ್ನಟ್ಟಲಾರದು.

ಇದನ್ನು ಅರಿಯಲು 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬ್ರಿಟನ್ನಿನ ನ್ಯೂಕ್ಲಿಯರ್ ಸಬ್‌ಮರೀನು ಕಾಂಕರರ್ ಏಪ್ರಿಲ್ ಮೊದಲ ವಾರ ಹೊರಟು ದಕ್ಷಿಣ ಅಟ್ಲಾಂಟಿಕ್ ತಲುಪಿ, ಅರ್ಜೆಂಟೀನಾದ ಹೆನರಲ್ ಬೆಲ್ಗ್ರಾನೊ ಎಂಬ ಕ್ರೂಸರ್ ಯುದ್ಧನೌಕೆಯ ಬೆನ್ನು ಹಿಡಿದು, ಮೇ 2ರಂದು ಮುಳುಗಿಸಿತು. ಅದೇ ಯುದ್ಧದಲ್ಲಿ ಅರ್ಜೆಂಟೀನಾದ ಸಣ್ಣ ಡೀಸೆಲ್ ಸಬ್‌ಮರೀನು ಸಾನ್ ಲೂಯಿಸ್‌ಗಾಗಿ ಬ್ರಿಟಿಷರು ವಾರಗಟ್ಟಲೆ ಹುಡುಕಿ, ಸುಳ್ಳು ಸುಳಿವುಗಳ ಮೇಲೆಲ್ಲ ಟಾರ್ಪಿಡೊ ಸುರಿದರೂ ಅದು ಸಿಗಲೇ ಇಲ್ಲ. ಅದರ ಟಾರ್ಪಿಡೊಗಳು ಕೈಕೊಡದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಬ್ರಿಟನ್ನೂ ಓನಿಕ್ಸ್ ಎಂಬ ಒಂದು ಡೀಸೆಲ್ ಸಬ್‌ಮರೀನು ಕಳಿಸಿತ್ತು. ತಲುಪಿದ್ದು ತಡವಾಗಿ, ಆದರೆ ದೊಡ್ಡವು ಹೋಗಲಾಗದ ದಡದ ಹತ್ತಿರದ ನೀರಿನಲ್ಲಿ ಕಮಾಂಡೋಗಳನ್ನು ಇಳಿಸುವ ಕೆಲಸಕ್ಕೆ ಅದೇ ಬೇಕಾಯಿತು.

ದಡದ ಆಳವಿಲ್ಲದ ನೀರಿನಲ್ಲಿ ಸೋನಾರ್ ಬಿಟ್ಟ ಸದ್ದು ತಳಕ್ಕೂ ಮೇಲ್ಮೈಗೂ ಬಡಿದು ಚದುರಿ ಮರಳುತ್ತದೆ. ಅದರಲ್ಲಿ ಸಣ್ಣ ಒಡಲಿನ ಪ್ರತಿಧ್ವನಿಯನ್ನು ಹೆಕ್ಕುವುದು ಕಷ್ಟ. ಡೀಸೆಲ್‌ಗೆ ಗಾತ್ರವೂ ಅನುಕೂಲ.

ಡೀಸೆಲ್ ಪರವಾಗಿ ಸ್ವೀಡನ್ನಿನ ಗೋಟ್ಲಾಂಡ್ ಸಬ್‌ಮರೀನಿನ ಉದಾಹರಣೆ ಕೊಡುವವರೂ ಇದ್ದಾರೆ. ಗಾಳಿಯಿಲ್ಲದೆ ನಡೆಯುವ ಸ್ಟರ್ಲಿಂಗ್ ಎಂಜಿನ್ ಇರುವುದರಿಂದ ಅದು ವಾರಗಟ್ಟಲೆ ಸ್ನಾರ್ಕೆಲ್ ಎತ್ತಬೇಕಾಗಿಲ್ಲ. 2005ರಿಂದ ಎರಡು ವರ್ಷ ಅಮೆರಿಕ ಅದನ್ನು ಬಾಡಿಗೆಗೆ ತಂದು ಅಭ್ಯಾಸ ನಡೆಸಿತು, ರೊನಾಲ್ಡ್ ರೇಗನ್ ವಿಮಾನವಾಹಕದ ರಕ್ಷಣೆಯನ್ನೂ ಅದು ದಾಟಿತು. ಆದರೆ ಅದು ಸ್ಯಾನ್ ಡಿಯಾಗೋಗೆ ಬಂದದ್ದು ಇನ್ನೊಂದು ಹಡಗಿನ ಬೆನ್ನ ಮೇಲೆ ಕೂತು! ಆ ಎಂಜಿನ್ ಕೊಡುವ ಶಕ್ತಿ ಮೆಲ್ಲಗೆ ತೆವಳಲು ಸಾಕು, ಸಾಗರ ದಾಟುವ ವೇಗಕ್ಕೆ ಸಾಲದು.

ಹೀಗಾಗಿ ಪಟ್ಟಿಯಲ್ಲಿ ಒಂದು ‘ಸದ್ದು’ ಕಾಲಂ ಸಾಲದು ಸರ್. ನಾಲ್ಕು ನಾಟ್‌ನಲ್ಲಿ ಒಂದು, 15 ನಾಟ್‌ನಲ್ಲಿ ಇನ್ನೊಂದು, ಸ್ನಾರ್ಕೆಲ್ ಎತ್ತಿದಾಗ ಮತ್ತೊಂದು ಕಾಲಂ ಹಾಕಿ. ನೀರಿನ ಆಳಕ್ಕೂ ಒಂದು ಇರಲಿ. ಸ್ಟರ್ಲಿಂಗ್ ಅಥವಾ ಫ್ಯೂಯೆಲ್ ಸೆಲ್ (ಹೊರಗಿನ ಗಾಳಿಯಿಲ್ಲದೆ ವಿದ್ಯುತ್ ಹುಟ್ಟಿಸುವ ಇನ್ನೊಂದು ಸಾಧನ) ಇರುವವನ್ನು ಹಳೆಯ ಡೀಸೆಲ್ ಜೊತೆ ಸೇರಿಸದೆ ಬೇರೆ ಸಾಲಿನಲ್ಲಿಡಿ. ತುಂಬಿಸಿ ಹಾಕಿ, ಒಟ್ಟಿಗೆ ಕೂತು ನೋಡೋಣ.